ಮಂಗಳವಾರದ ಮುಯ್ಯಿ

ಗೊಹುಂಗ್ ಸೀಮೆ, ಸೊಲ್ಮೊಕ್ ಊರು
ಡಿಸೆಂಬರ್ 10, ಬುಧವಾರ

ಪ್ರೀತಿಯ ಮಾಲ್‌ಸುನ್ ಅಕ್ಕನಿಗೆ,

ಒಕ್‌ಬುನ್ ಮಾಡುವ ನಮಸ್ಕಾರಗಳು. ಯೊಸುವಿನಲ್ಲಿ ಕಡಲ ಗಾಳಿ ಜೋರಂತೆ, ಮೊಣಕಾಲು ಹೇಗಿದೆ? ಈ ಕಾಗದವನ್ನು ದಪ್ಪ ಅಕ್ಷರದಲ್ಲಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ಆದಷ್ಟು ನೀವೇ ಓದಿ. ಕಣ್ಣು ಸೋತ ಕಡೆ ನಿಮ್ಮ ತಂಗಿಯ ಸೊಸೆ ಹೇರಿಮ್ ಓದಿ ಹೇಳಲಿ. ಹೇರಿಮ್, ನನ್ನ ಮೇಲೆ ಸಿಟ್ಟು ಬಂದ ಕಡೆಯಲ್ಲೂ ನಿಲ್ಲಿಸಬೇಡಮ್ಮ. ಒಂದು ಸಾಲೂ ಹಾರಿಸದೆ ಕೊನೆಯವರೆಗೆ ಓದು.

ನೀವು ನಿಮ್ಮ ಬ್ಲಾಗಿನಲ್ಲಿ ಲಿಂಕ್ ಮಾರಿಕೊಂಡಿರಿ ಎಂಬ ಕಥೆಯನ್ನು ನಮ್ಮೂರಿನಲ್ಲಿ ಮೊದಲು ಹೇಳಿದವಳು ಚುನ್‌ಜಾ. ಹೋದ ವರ್ಷ ನವೆಂಬರ್ ಹನ್ನೆರಡು, ಮಂಗಳವಾರ ಬೆಳಿಗ್ಗೆ. ಅವಳ ಮನೆಯ, ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲೆ ನಾವು ಹನ್ನೊಂದು ಜನ ವೃತ್ತವಾಗಿ ಕೂತು ಯೂಜಾ ನಿಂಬೆಯ ಬೀಜ ತೆಗೆದು ಸಿಪ್ಪೆ ಹೆಚ್ಚುತ್ತಿದ್ದೆವು. ನೀವು ಬಾಗಿಲ ಪಕ್ಕ, ನಾನು ನಿಮ್ಮ ಎಡಕ್ಕೆ. ಸಕ್ಕರೆ ಮೂಟೆ ಇನ್ನೂ ಬಿಚ್ಚಿರಲಿಲ್ಲ. ಆ ಹೊತ್ತಿಗೆ ಎಲ್ಲರ ಫೋನೂ ಒಂದರ ಹಿಂದೊಂದು ಟಿಂಗ್ ಅಂದವು. ಇಂಟರ್ನೆಟ್ಟಿನಲ್ಲಿ ಹುಡುಕುವ ಕಂಪನಿಯಿಂದ ನೋಟಿಸ್. ಹನ್ನೊಂದು ಬ್ಲಾಗಿಗೂ ಒಂದೇ ಒಕ್ಕಣೆ. ಹಣ ಪಡೆದು ಹಾಕಿದ ಲಿಂಕ್, ಒಬ್ಬರಿಗೊಬ್ಬರು ಒಪ್ಪಂದ ಮಾಡಿಕೊಂಡು ಹಾಕಿದ ಲಿಂಕ್, ಇವೆರಡೂ ಕಂಡುಬಂದಿವೆ, ಆದ್ದರಿಂದ ನಿಮ್ಮ ಬ್ಲಾಗನ್ನು ಹುಡುಕಾಟದಲ್ಲಿ ಕೆಳಗೆ ತಳ್ಳಲಾಗಿದೆ.

ಚುನ್‌ಜಾ ಕೈ ಒರೆಸಿಕೊಂಡು "ಗೊಹುಂಗ್ ಯೂಜಾ" ಎಂದು ಹುಡುಕಿದಳು. ಹಿಂದಿನ ದಿನದವರೆಗೆ ಮೊದಲ ಹೆಸರೇ ನಿಮ್ಮದು ಬರುತ್ತಿತ್ತು. ಆವತ್ತು ಹದಿನೈದು ಪುಟ ಸರಿಸಿದರೂ ನಮ್ಮಲ್ಲಿ ಒಬ್ಬರ ಹೆಸರೂ ಇಲ್ಲ. ಯೂಜಾದ ಇಡೀ ವರ್ಷದ ವ್ಯಾಪಾರ ನಡೆಯುವುದೇ ನವೆಂಬರ್ ಒಂದು ತಿಂಗಳು. ಆ ತಿಂಗಳ ಹನ್ನೆರಡನೇ ದಿನ ನಾವು ಹನ್ನೊಂದು ಜನ ನೀರಿನಡಿಗೆ ಹೋದೆವು.

ಗಾಪ್‌ಸುನ್ ಹೇಳಿದ್ದು ನೆನಪಿದೆಯಾ? "ನಾವು ಒಬ್ಬರನ್ನೊಬ್ಬರು ಹೊಗಳ್ಕೊಂಡ್ರೆ ಮೋಸ ಅಂತೆ ಕಣ್ರೇ. ಹಂಗಾದ್ರೆ ಮದುವೆ ದಲ್ಲಾಳಿಗಳನ್ನೆಲ್ಲ ಜೈಲಿಗೆ ಹಾಕ್ಬೇಕು." ಅವಳು ಹೇಳಿದರೆ ನಗಬೇಕು, ಅದಕ್ಕೆ ನಕ್ಕೆವು. ಭತ್ತದ ನಾಟಿಗೆ ನಮ್ಮಲ್ಲಿ ಮುಯ್ಯಿ, ಕಿಮ್ಚಿ ಹಾಕುವುದಕ್ಕೆ ಮುಯ್ಯಿ, ಯೂಜಾ ಕೀಳುವುದಕ್ಕೆ ಮುಯ್ಯಿ. ಇವತ್ತು ನನ್ನ ತೋಟ, ನಾಳೆ ನಿನ್ನ ತೋಟ. ಬ್ಲಾಗ್ ಬಂದ ಮೇಲೆ ಅದಕ್ಕೂ ಮುಯ್ಯಿ ಇಟ್ಟುಕೊಂಡೆವು. ಮಂಗಳವಾರ ಒಬ್ಬಳು ಬರೆದರೆ ಉಳಿದ ಹತ್ತು ಜನ ತಮ್ಮ ತಮ್ಮ ಬ್ಲಾಗಿನಿಂದ ಅವಳಿಗೆ ಲಿಂಕ್ ಹಾಕುವುದು, ಮುಂದಿನ ಮಂಗಳವಾರ ಇನ್ನೊಬ್ಬಳಿಗೆ. ಒಂಬತ್ತು ವರ್ಷ ಒಂದು ವಾರವೂ ತಪ್ಪಿಸಲಿಲ್ಲ. ದುಡ್ಡಿಗೆ ಕೂಲಿಯವರನ್ನು ಕರೆಯುವುದನ್ನೇ ಅವಮಾನ ಅಂದುಕೊಂಡ ಊರು ನಮ್ಮದು. ಮುಯ್ಯಿಯನ್ನೂ ಯಾರಾದರೂ ಮೋಸ ಅಂದಾರು ಎಂದು ಯಾರಿಗೆ ಹೊಳೆದೀತು?

ಆದರೆ ಅಷ್ಟೇ ಆಗಿದ್ದರೆ ಕಂಪನಿ ಕಣ್ಣು ಮುಚ್ಚಿಕೊಂಡಿರುತ್ತಿತ್ತೋ ಏನೋ. ಅವರು ಮೊದಲು ಹಿಡಿದದ್ದು ಹಗ್ಗದ ಒಂದು ತುದಿಯನ್ನು, ಅದನ್ನು ಎಳೆದಾಗ ಹನ್ನೊಂದೂ ಬ್ಲಾಗ್ ಒಟ್ಟಿಗೆ ಬಂದವು. ಆ ತುದಿ ಎಲ್ಲಿದೆ ಎಂದು ಚುನ್‌ಜಾ ಒಂದೊಂದೇ ಬ್ಲಾಗ್ ತೆರೆದು ಹುಡುಕಿದಳು. ಸಿಕ್ಕಿದ್ದು ನಿಮ್ಮದರಲ್ಲಿ. ಮೂರು ಹಳೆಯ ಬರಹಗಳ ಕೆಳಗೆ ಕೂದಲು ಬೆಳೆಸುವ ಎಣ್ಣೆಯ ಅಂಗಡಿಗೆ ಲಿಂಕ್. ನಿಮ್ಮ ಯಜಮಾನರು ಬದುಕಿದ್ದಾಗ ಮುಳ್ಳಿಗೆ ಹೆದರಿ ನಿಮ್ಮನ್ನು ಮರ ಹತ್ತಿಸಿ ಕೆಳಗಿನಿಂದ ಬಯ್ಯುತ್ತಿದ್ದರಲ್ಲ, ಊರೆಲ್ಲ ಓದಿ ನಕ್ಕ ಆ ಬರಹ, ಅದರ ಕೆಳಗೂ ಒಂದು.

ಚುನ್‌ಜಾ ಫೋನನ್ನು ನಿಮ್ಮ ಮುಖದ ಮುಂದೆ ಹಿಡಿದು ಓದಿ ಎಂದಳು. ನೀವು ಅದನ್ನು ದಿಟ್ಟಿಸಿದಿರಿ. ಆಮೇಲೆ ತಲೆ ತಿರುಗಿಸಿ ನನ್ನನ್ನು ನೋಡಿದಿರಿ. ಎಷ್ಟು ಹೊತ್ತು ನೋಡಿದಿರೋ ನನಗೆ ಗೊತ್ತಿಲ್ಲ, ನಾನು ಚಾಕುವನ್ನು ನೋಡುತ್ತಿದ್ದೆ. ಆಮೇಲೆ ನೀವು ಹೇಳಿದ್ದು ಒಂದೇ ಮಾತು. "ನಂಗೊತ್ತಿಲ್ಲ."

ನಿಮ್ಮ ಬ್ಲಾಗಿನಲ್ಲಿ ನಿಮಗೆ ಗೊತ್ತಿಲ್ಲದೆ ಏನು ತಾನೇ ಆದೀತು ಎಂದು ಅವರೆಲ್ಲ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೆ ಉತ್ತರ ಇದ್ದದ್ದು ಇಬ್ಬರ ಬಳಿ. ನಿಮ್ಮ ಬಳಿ ಮತ್ತು ನನ್ನ ಬಳಿ.

ಆ ಉತ್ತರವನ್ನು ಈಗ ಬರೆಯುತ್ತೇನೆ. ಕೃಷಿ ಕೇಂದ್ರದಲ್ಲಿ ನಮಗೆಲ್ಲ ಬ್ಲಾಗ್ ಕಲಿಸಿದ ವರ್ಷ ನೀವು ನಾಲ್ಕು ವಾರ ಕನ್ನಡಕ ಮರೆತು ಬಂದಿರಿ. ಐದನೇ ವಾರ ತರಗತಿ ಮುಗಿದ ಮೇಲೆ ನನ್ನನ್ನು ಬಸ್ಸಿನ ತಂಗುದಾಣದ ಹಿಂದೆ ಕರೆದು ಹೇಳಿದಿರಿ. "ನಂಗೆ ಅಕ್ಷರ ಬರಲ್ಲ ಕಣೇ ಒಕ್‌ಬುನ್. ಅಂಕಿ ಬರುತ್ತೆ, ಬಸ್ಸಿನ ನಂಬರ್ ಬರುತ್ತೆ, ಅಷ್ಟೇ. ಇದು ನಿನ್ನ ಬಾಯಿಂದ ಹೊರಗೆ ಬಿದ್ದ ದಿನ ನಾನು ಈ ಊರಲ್ಲಿ ಇರಲ್ಲ." ಆಮೇಲೆ ವ್ಯವಹಾರದ ಮಾತಾಡಿದಿರಿ. ನೀವು ಬಾಯಲ್ಲಿ ಹೇಳುವುದು, ನಾನು ಟೈಪ್ ಮಾಡುವುದು. ಒಂದು ಬರಹಕ್ಕೆ ನನ್ನ ತೋಟದಲ್ಲಿ ಒಂದು ದಿನದ ಕೀಳುವ ಕೆಲಸ. ಯೂಜಾ ಮುಳ್ಳು ಕೈಗವಸನ್ನೂ ಬಿಡುವುದಿಲ್ಲ. ನಾನು ಬಿಸಿ ನೆಲದ ಮೇಲೆ ಕೂತು ಬೆರಳಾಡಿಸಿದೆ, ನೀವು ನನ್ನ ಮರ ಹತ್ತಿ ಕೈ ಗೀರಿಸಿಕೊಂಡಿರಿ. ಒಂಬತ್ತು ವರ್ಷ.

ಜನ ನಿಮ್ಮನ್ನು ಓದಿದರು ಅಕ್ಕ. ಸೋಲ್‌ನಿಂದ, ದೇಗುವಿನಿಂದ ಫೋನ್ ಮಾಡಿ, ನಿಮ್ಮ ಬರಹದ ಆ ಮೇಕೆ ಆಮೇಲೆ ಏನಾಯಿತು ಅಂತ ಕೇಳುತ್ತಿದ್ದರು, ಕೇಳಿ ಎರಡು ಜಾಡಿ ಯೂಜಾ ತರಿಸುತ್ತಿದ್ದರು. ನನ್ನ ಬ್ಲಾಗಿನಲ್ಲಿ ನಾನು ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಹುಡುಕಿದರೆ ನಿಮ್ಮದು ಮೊದಲನೆಯದು, ನನ್ನದು ಮೂರನೇ ಪುಟದ ತಳ. ಅದೇ ಕೈ, ಅದೇ ಕೀಲಿಮಣೆ. ಮಾತು ನಿಮ್ಮದು, ಅಷ್ಟೇ ವ್ಯತ್ಯಾಸ. ಆ ಅಷ್ಟೇ ವ್ಯತ್ಯಾಸ ನನ್ನ ಹೊಟ್ಟೆಯಲ್ಲಿ ಎಷ್ಟು ವರ್ಷದಿಂದ ಉರಿಯುತ್ತಿತ್ತು ಎಂದು ನನಗೇ ಗೊತ್ತಿರಲಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಟಾಕ್ ಎಂಬ ಮನುಷ್ಯ ಸುಂಚನ್‌ನಿಂದ ಬಂದ. ಚೂಪು ಮೂತಿಯ ಬೂಟು ಹಾಕಿಕೊಂಡು ನನ್ನ ತೋಟದ ಕೆಸರಿನಲ್ಲೇ ನಡೆದು ಬಂದು, ಪಾನೀಯದ ಬಾಟಲಿಗಳ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಕೊಟ್ಟು, ಮೇಡಂ ಎಂದ. ಮೇಡಂ ಎನ್ನಿಸಿಕೊಂಡದ್ದು ಅದೇ ಮೊದಲು. ನನ್ನ ಬ್ಲಾಗನ್ನು ನೋಡಿ, ಇದಕ್ಕೆ ತೂಕ ಇಲ್ಲ ಮೇಡಂ, ಬೇಜಾರು ಮಾಡ್ಕೋಬೇಡಿ ಎಂದ. ತೂಕ ಇರುವುದು ಆ ಮಾಲ್‌ಸುನ್ ಅನ್ನುವವರದಕ್ಕೆ, ಅವರು ನಿಮಗೆ ಗೊತ್ತಾ ಎಂದು ಕೇಳಿದ. ನಾನು ಗೊತ್ತು ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಅವರ ಬ್ಲಾಗಿನ ಪಾಸ್‌ವರ್ಡ್ ನನ್ನ ಹತ್ತಿರವೇ ಇದೆ ಎಂದೆ. ಯಾಕೆ ಹೇಳಿದೆನೋ. ಒಮ್ಮೆಯಾದರೂ ಯಾರಿಗಾದರೂ ಗೊತ್ತಾಗಲಿ, ಅದರಲ್ಲಿ ನನ್ನ ಕೈಯೂ ಇದೆ ಎಂದು ಅನ್ನಿಸಿರಬೇಕು.

ಅವನು ಕೇಳಿದ್ದು ನಿಮ್ಮ ಮೂರು ಬರಹಗಳ ಕೆಳಗೆ ಮೂರು ಲಿಂಕ್. ಬದಲಿಗೆ ನನಗೆ ಐದು ಲಕ್ಷ ವೊನ್, ಜೊತೆಗೆ ಬೇರೆ ಬೇರೆ ದೊಡ್ಡ ಬ್ಲಾಗ್‌ಗಳಿಂದ ನನ್ನ ಬ್ಲಾಗಿಗೆ ಇಪ್ಪತ್ತು ಲಿಂಕ್. ದುಡ್ಡನ್ನು ನಾನು ಲಕೋಟೆಯಿಂದ ಹೊರಗೇ ತೆಗೆಯಲಿಲ್ಲ, ನಿಜ ಹೇಳುತ್ತೇನೆ. ಇಪ್ಪತ್ತು ಲಿಂಕ್ ಮಾತ್ರ ನನಗೆ ಬೇಕಾಗಿತ್ತು. ಅಕ್ಟೋಬರಿನಲ್ಲಿ ನನ್ನ ಬ್ಲಾಗ್ ಮೇಲೆದ್ದು ನಾಲ್ಕನೆಯದಾಯಿತು. ಮೂರು ವಾರ ನಾನು ದಿನಕ್ಕೆ ಹತ್ತು ಸಲ ಹುಡುಕಿ ಹುಡುಕಿ ನನ್ನ ಹೆಸರನ್ನು ನೋಡಿಕೊಂಡೆ. ನಿಮ್ಮ ಹೆಸರು ಮೇಲೆ, ಎರಡು ಮೆಟ್ಟಿಲು ಬಿಟ್ಟು ನನ್ನದು. ಒಂದೇ ಏಣಿಯಲ್ಲಿ ನಿಂತ ಹಾಗೆ.

ನಿಮಗೆ ನಾನು ಹೇಳಲಿಲ್ಲ. ಸುಳ್ಳೂ ಹೇಳಲಿಲ್ಲ, ಹೇಳದೆ ಬಿಟ್ಟೆ.

ನೋಟಿಸ್ ಬಂದ ದಿನ ಸಂಜೆಯೇ ಮೂರೂ ಲಿಂಕ್ ಕಿತ್ತು ಹಾಕಿದೆ. ಎಲ್ಲ ಹೆಂಗಸರೂ ಒಂಬತ್ತು ವರ್ಷದ ಮುಯ್ಯಿಯ ಲಿಂಕ್‌ಗಳನ್ನು ಕೀಳಲು ಕೂತರು. ಒಂದೊಂದನ್ನು ಕಿತ್ತಾಗಲೂ ಗಾಪ್‌ಸುನ್, ಇದು ನಿನ್ನ ಮಗಳ ಮದುವೆ ವಾರದ್ದು, ಇದು ನನ್ನ ಹಲ್ಲು ಕೀಳಿಸಿದ ವಾರದ್ದು ಎನ್ನುತ್ತಿದ್ದಳು. ಆದರೆ ಕಿತ್ತರೆ ಸಾಲದು. ಪ್ರತಿ ಬ್ಲಾಗಿನ ಒಡತಿಯೂ ಕಂಪನಿಗೆ ವಿವರಣೆ ಬರೆಯಬೇಕು. ಯಾರು ಹಾಕಿದರು, ಏನು ಪಡೆದರು, ಇನ್ನು ಹಾಗೆ ಮಾಡುವುದಿಲ್ಲ ಎಂದು. ಬರೆದ ಮೇಲೆ ಅವಳ ಫೋನಿಗೆ ಆರು ಅಂಕಿ ಬರುತ್ತದೆ, ಅದನ್ನು ತುಂಬಿದರೆ ಮಾತ್ರ ಅದು ಅವಳದೇ ಮಾತು ಎಂದು ಲೆಕ್ಕ. ಹತ್ತು ಜನ ಬರೆದೆವು. ಉಳಿದವರು ನೀವು.

ಎರಡು ದಿನ ಬಿಟ್ಟು ನೀವು ನನ್ನ ಮನೆಗೆ ಬಂದಿರಿ. ಮಧ್ಯಾಹ್ನ. ಹೊಸಿಲಲ್ಲಿ ರಬ್ಬರ್ ಬೂಟು ಕಳಚಿ, ಒಳಗೆ ಬಂದು, ಫೋನನ್ನು ಮೇಜಿನ ಮೇಲಿಟ್ಟು ಕೂತಿರಿ. ನನ್ನ ಮೇಲೆ ಕೂಗಾಡುತ್ತೀರಿ ಅಂದುಕೊಂಡಿದ್ದೆ. ಕೂಗಾಡಿದ್ದರೆ ಎಲ್ಲವೂ ಆವತ್ತೇ ಮುಗಿಯುತ್ತಿತ್ತು. ನೀವು ಹೇಳಿದ್ದು ಇಷ್ಟೇ. "ನಿಜ ಏನಿದ್ಯೋ ಅದನ್ನ ಬರಿ."

ನಾನು ಬರೆದೆ. ಬರೆದದ್ದನ್ನು ಎಂದಿನಂತೆ ನಿಮಗೆ ಓದಿ ಹೇಳಿದೆ. ಯಾರೋ ಗೊತ್ತಿಲ್ಲದವರು ಕದ್ದು ಒಳಗೆ ನುಗ್ಗಿ ಈ ಲಿಂಕ್‌ಗಳನ್ನು ಹಾಕಿದ್ದಾರೆ, ನನಗೆ ತಿಳಿದಿರಲಿಲ್ಲ, ತಿಳಿದ ಕೂಡಲೇ ತೆಗೆದಿದ್ದೇನೆ ಎಂದು ಓದಿದೆ. ನೀವು ಗೋಡೆ ನೋಡುತ್ತ ಕೇಳಿಸಿಕೊಂಡಿರಿ. ಆಮೇಲೆ ಕೇಳಿದಿರಿ.

"ಅಷ್ಟೇನಾ?"

ಅಷ್ಟೇ ಅಕ್ಕ ಎಂದೆ. ನೀವು ಕಣ್ಣನ್ನು ಫೋನಿನ ಹತ್ತಿರ ತಂದು ಆರು ಅಂಕಿಯನ್ನು ಒಂದೊಂದಾಗಿ ಹೇಳಿದಿರಿ. ನಾನು ತುಂಬಿದೆ. ಬೂಟು ಹಾಕಿಕೊಳ್ಳುವಾಗ ನಿಮಗೆ ಬಗ್ಗಲು ಕಷ್ಟವಾಯಿತು, ನಾನು ಕೈ ಕೊಡಲು ಬಂದೆ, ನೀವು ಬೇಡ ಎಂದಿರಿ.

ಎಲ್ಲರ ವಿವರಣೆಯ ಪ್ರತಿಯನ್ನೂ ಚುನ್‌ಜಾ ತೆಗೆದಿಟ್ಟುಕೊಳ್ಳುತ್ತಿದ್ದಳು. ನಿಮ್ಮದನ್ನು ನಾನೇ ಒಯ್ದು ಕೊಟ್ಟೆ. ಅದಾದ ಮೇಲೆ ಏನಾಯಿತೆಂದು ನಿಮಗೆ ಗೊತ್ತು. ನಿಮ್ಮ ತೋಟ ಕೀಳುವ ದಿನ ಬಂತು, ಮುಯ್ಯಿಗೆ ಒಬ್ಬರೂ ಬರಲಿಲ್ಲ. ಹಿಂದಿನ ವಾರವಷ್ಟೇ ನೀವು ಅವರಲ್ಲಿ ಏಳು ಜನರ ತೋಟದಲ್ಲಿ ಕಿತ್ತಿದ್ದಿರಿ. ನೀವು ಒಬ್ಬರೇ ಏಣಿ ಇಟ್ಟುಕೊಂಡು ಎರಡು ದಿನ ಕಿತ್ತಿರಿ, ಮೂರನೇ ದಿನ ಏಣಿಯನ್ನು ಮರಕ್ಕೇ ಬಿಟ್ಟು ಯೊಸುವಿನ ಬಸ್ಸು ಹತ್ತಿದಿರಿ. ನಾನೂ ಬರಲಿಲ್ಲ. ನಾನು ಬಂದರೆ ಯಾಕೆ ಬಂದೆ ಎಂದು ಅವರು ಕೇಳುತ್ತಿದ್ದರು.

ಕಂಪನಿ ಮೂರು ಸಲ ನಮ್ಮ ಅರ್ಜಿಯನ್ನು ವಾಪಸ್ ಕಳಿಸಿತು. ಮೂರು ಸಲವೂ ಒಂದೇ ಕಾರಣ. ಹಣ ಕೊಟ್ಟವರು ಯಾರು ಎಂಬುದು ವಿವರಣೆಯಲ್ಲಿ ಇಲ್ಲ, ಅದು ಬರುವವರೆಗೆ ಈ ಗುಂಪಿನ ಯಾವ ಬ್ಲಾಗೂ ಮೇಲೆ ಬರದು. ಚುನ್‌ಜಾ ನಿಮಗೆ ಫೋನ್ ಮಾಡಿ ಮಾಡಿ ಸಾಕಾದಳು, ನೀವು ಎತ್ತಲಿಲ್ಲ. ಹೆಸರು ಗೊತ್ತಿದ್ದದ್ದು ನನಗೊಬ್ಬಳಿಗೆ. ಟಾಕ್ ಎಂಬ ಎರಡಕ್ಷರ. ಅದನ್ನು ಹೇಳಿದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಹೇಗೆ ಗೊತ್ತು ಎಂದು ಹೇಳಿದರೆ ನಿಮ್ಮ ಬ್ಲಾಗ್ ಬರೆಯುವವಳು ನಾನು ಎಂದು ಹೇಳಬೇಕು. ಅದನ್ನು ಹೇಳಿದರೆ ನಿಮಗೆ ಅಕ್ಷರ ಬರುವುದಿಲ್ಲ ಎಂದ ಹಾಗೆ. ಬಸ್ಸಿನ ತಂಗುದಾಣದ ಹಿಂದೆ ಕೊಟ್ಟ ಮಾತು ಮುರಿದ ಹಾಗೆ. ಹೀಗೆ ಸುತ್ತಿ ಸುತ್ತಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದೆ. ನಿಮ್ಮ ಮಾನ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಾಯುತ್ತಿದ್ದದ್ದು ಯಾರ ಮಾನವನ್ನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಊರಿನ ಪಾಡು ನೀವು ನೋಡಬೇಕಿತ್ತು. ಈ ನವೆಂಬರಿನಲ್ಲಿ ಚುನ್‌ಜಾ ತನ್ನ ಹಣ್ಣನ್ನೆಲ್ಲ ಕಾರ್ಖಾನೆಯ ಲಾರಿಗೆ ಹಾಕಿದಳು, ಅವರು ಹೇಳಿದ ದರಕ್ಕೆ. ಗಾಪ್‌ಸುನ್ ಸಿಂಪಿ ಬಿಡಿಸುವ ಶೆಡ್ಡಿಗೆ ಹೋಗುತ್ತಾಳೆ, ಕೈಯೆಲ್ಲ ಚಿಪ್ಪು ಕೊಯ್ದ ಗಾಯ. ಹೋದ ವರ್ಷದ ಜಾಡಿಗಳು ನನ್ನ ಕೋಣೆಯಲ್ಲಿ ಛಾವಣಿಯವರೆಗೆ ನಿಂತಿವೆ, ಸಿಪ್ಪೆಯೆಲ್ಲ ಕಂದು ಬಣ್ಣಕ್ಕೆ ತಿರುಗಿದೆ. ಮಂಗಳವಾರ ಯಾರೂ ಸೇರುವುದಿಲ್ಲ. ದಾರಿಯಲ್ಲಿ ಸಿಕ್ಕರೆ ಊಟ ಆಯ್ತಾ ಎನ್ನುತ್ತೇವೆ, ಆಯ್ತು ಎನ್ನುತ್ತೇವೆ. ಬ್ಲಾಗನ್ನು ತೆರೆದು ನೋಡುವುದನ್ನೂ ಕೆಲವರು ಬಿಟ್ಟರು. ನಾನು ಮಾತ್ರ ನಿಮ್ಮದನ್ನು ದಿನಾ ತೆರೆಯುತ್ತಿದ್ದೆ. ಬರೆಯಲು ಮಾತು ಹೇಳುವವರಿಲ್ಲ, ಸುಮ್ಮನೆ ತೆರೆದು ಮುಚ್ಚುತ್ತಿದ್ದೆ.

ಮೊನ್ನೆ ಸೋಮವಾರ ಊರಿನ ಸಭಾಮನೆಯಲ್ಲಿ ಕಿಮ್ಚಿ ಹಾಕುವ ಮುಯ್ಯಿ ಇತ್ತು. ಅದೊಂದನ್ನು ಯಾರೂ ಬಿಟ್ಟಿಲ್ಲ, ಬಿಟ್ಟರೆ ಚಳಿಗಾಲದಲ್ಲಿ ತಿನ್ನುವುದೇನು? ಮುನ್ನೂರು ಎಲೆಕೋಸು. ಮೊಣಕೈವರೆಗೆ ಕೆಂಪು ಕೈಗವಸು ಹಾಕಿಕೊಂಡು ಹತ್ತು ಜನ ಉದ್ದ ಮೇಜಿನ ಎರಡೂ ಕಡೆ ನಿಂತಿದ್ದೆವು. ಗಾಪ್‌ಸುನ್ ಎಲೆಯ ನಡುವೆ ಮಸಾಲೆ ಸವರುತ್ತ ಸುದ್ದಿ ತೆಗೆದಳು. ಅವಳ ಸೋದರತ್ತೆಯ ಮಗಳು ಯೊಸುವಿನಲ್ಲಿ ವಯಸ್ಸಾದವರ ಅಕ್ಷರಶಾಲೆಯಲ್ಲಿ ಅಡುಗೆ ಮಾಡುತ್ತಾಳಂತೆ. ಅಲ್ಲಿ ನಿಮ್ಮನ್ನು ನೋಡಿದಳಂತೆ. ಮುಂದಿನ ಸಾಲಿನಲ್ಲಿ, ಪೆನ್ಸಿಲ್ ಹಿಡಿದು.

"ಇನ್ನೂರು ಬರಹ ಬರೆದೋಳು ಅಕ್ಷರಶಾಲೆಗೆ ಯಾಕೆ ಹೋದ್ಲು ಅಂತೀನಿ? ಅಲ್ಲಿನ ಮುದುಕೀರಿಗೂ ಲಿಂಕ್ ಮಾರೋಕಿರ್ಬೇಕು" ಎಂದಳು ಗಾಪ್‌ಸುನ್.

ಎಲ್ಲರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ. ತೆರೆದ ಬಾಯಿಂದ ಬೇರೆಯದೇ ಬಂತು. ಅವರಿಗೆ ಓದು ಬರ್ತಿರ್ಲಿಲ್ಲ, ಬರೆದಿದ್ದು ನಾನು, ಲಿಂಕ್ ಹಾಕಿದ್ದೂ ನಾನೇ, ದುಡ್ಡು ಕೊಟ್ಟೋನ ಹೆಸರು ಟಾಕ್ ಎಂದೆ. ಒಂದೇ ಉಸಿರಿಗೆ. ಆಮೇಲೆ ನಿಧಾನವಾಗಿ ಮೊದಲಿನಿಂದ ಹೇಳಿದೆ, ಬಸ್ಸಿನ ತಂಗುದಾಣದಿಂದ ಹಿಡಿದು. ನಿಮ್ಮ ಗುಟ್ಟನ್ನು ಒಂಬತ್ತು ಜನರ ಮುಂದೆ ಬಿಚ್ಚಿಟ್ಟೆ ಅಕ್ಕ. ನೀವೇ ಪೆನ್ಸಿಲ್ ಹಿಡಿದು ಮುಂದಿನ ಸಾಲಿನಲ್ಲಿ ಕೂತ ಮೇಲೆ ಅದು ಗುಟ್ಟಾಗಿ ಉಳಿದಿಲ್ಲ ಎಂದು ನನಗೆ ನಾನು ಹೇಳಿಕೊಂಡೆ. ಸರಿಯೋ ತಪ್ಪೋ ನೀವೇ ಹೇಳಬೇಕು.

ಚುನ್‌ಜಾ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ನಿಮ್ಮ ವಿವರಣೆಯ ಬಗ್ಗೆ. ನಾನು ಉತ್ತರ ಕೊಟ್ಟೆ. ಆ ಪ್ರಶ್ನೆ, ಆ ಉತ್ತರ ಎರಡನ್ನೂ ಇಲ್ಲಿ ಬರೆಯಲು ಕೈ ಬರುತ್ತಿಲ್ಲ, ಆಮೇಲೆ ಬರೆಯುತ್ತೇನೆ. ಅದನ್ನು ಕೇಳಿ ಚುನ್‌ಜಾ ಗೋಡೆಯ ಕಡೆ ತಿರುಗಿದಳು. ಕೈಗವಸಿನ ತುಂಬ ಮೆಣಸಿನ ಪುಡಿ, ಕಣ್ಣು ಒರೆಸಿಕೊಳ್ಳಲು ಆಗದೆ ಹೆಗಲಿನಿಂದ ಒರೆಸಿಕೊಂಡಳು. ಗಾಪ್‌ಸುನ್ ಒಂದು ಎಲೆಕೋಸನ್ನು ಹಿಡಿದುಕೊಂಡು ಹಾಗೇ ನಿಂತಿದ್ದಳು, ಅದನ್ನು ಎಲ್ಲಿಡಬೇಕೆಂದು ಗೊತ್ತಾಗದ ಹಾಗೆ. ಸಂಜೆ ಹಂಚುವಾಗ ನನ್ನ ಪಾಲಿನ ಡಬ್ಬಿಯನ್ನು ನನಗೂ ಕೊಟ್ಟರು. ಮುಖ ನೋಡದೆ ಕೊಟ್ಟರು, ಆದರೆ ಎಲ್ಲರಿಗೆ ಕೊಟ್ಟಷ್ಟೇ ಕೊಟ್ಟರು.

ಮರುದಿನ ಬೆಳಿಗ್ಗೆ, ಅಂದರೆ ನಿನ್ನೆ ಮಂಗಳವಾರ, ಇಬ್ಬನಿ ಇನ್ನೂ ಆರದಿದ್ದಾಗ ಆ ಒಂಬತ್ತು ಜನ ನಿಮ್ಮ ತೋಟಕ್ಕೆ ಹೋದರು. ಒಬ್ಬರೂ ಒಬ್ಬರಿಗೆ ಫೋನ್ ಮಾಡಿದ ಹಾಗಿಲ್ಲ. ಗಾಪ್‌ಸುನ್ ಸಿಂಪಿ ಶೆಡ್ಡಿಗೆ ರಜೆ ಹೇಳಿದ್ದಳು. ನಲವತ್ತು ಮರವೂ ಬಂಗಾರದ ಬಣ್ಣಕ್ಕೆ ತಿರುಗಿ ಕೊಂಬೆ ನೆಲ ಮುಟ್ಟುತ್ತಿದ್ದವು, ಕೆಳಗೆ ಅಷ್ಟೇ ಹಣ್ಣು ಉದುರಿ ಕೊಳೆತಿತ್ತು. ಅವರು ಹುಲ್ಲು ಸವರಿದರು, ಕೊಳೆತದ್ದನ್ನು ಗುಡಿಸಿದರು, ಕೀಳಲು ಶುರು ಮಾಡಿದರು. ನಾನು ಕೈಗವಸು ಹಾಕಿಕೊಂಡು ಕಲ್ಲಿನ ಗೋಡೆಯವರೆಗೆ ಹೋಗಿ ನಿಂತೆ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅರ್ಧ ಗಂಟೆಯಾದ ಮೇಲೆ ಚುನ್‌ಜಾ ಏಣಿಯಿಂದ ಇಳಿದು ಬಂದಳು.

"ನಿನ್ನ ಮುಖ ನೋಡಿ ಕರೀತಿಲ್ಲ. ಮಾಲ್‌ಸುನ್ ಅಕ್ಕನ ಮುಖ ನೋಡಿ ಕರೀತಿದೀನಿ. ಆಕೆ ನಿನ್ನ ಕೈಬಿಡ್ಲಿಲ್ಲ, ನಾವು ಬಿಟ್ರೆ ಆಕೆಗೆ ಅವಮಾನ. ಬಾ, ಏಣಿ ಹಿಡ್ಕೋ."

ನಾನು ಹೋಗಿ ಏಣಿ ಹಿಡಿದೆ. ಮೇಲಿನಿಂದ ಗಾಪ್‌ಸುನ್ ಹಣ್ಣು ಇಳಿಸುತ್ತ, ಅಕ್ಕನ ಮನಸ್ಸು ಎಷ್ಟು ದೊಡ್ಡದು ಎಂದು ಹತ್ತು ಸಲ ಹೇಳಿದಳು. ಪ್ರತಿ ಸಲವೂ ನಾನು ಹೂಂ ಎಂದೆ. ಸಂಜೆಯ ಹೊತ್ತಿಗೆ ಅರವತ್ತು ಕ್ರೇಟ್ ತುಂಬಿತು. ಅದನ್ನೆಲ್ಲ ಹೆಚ್ಚಿ, ಸಕ್ಕರೆ ಬೆರೆಸಿ, ನಿಮ್ಮ ಹೆಸರಿನ ಚೀಟಿ ಹಚ್ಚುತ್ತಾರಂತೆ. ಚೀಟಿ ಬರೆಯುವ ಕೆಲಸ ನನಗೆ ಕೊಟ್ಟಿಲ್ಲ.

ಇಂತಿ ನಿಮ್ಮ,
ಒಕ್‌ಬುನ್

ತಾ.ಕ.: ಚುನ್‌ಜಾ ಕೇಳಿದ ಪ್ರಶ್ನೆ ಇದು. "ಲಿಂಕ್ ಹಾಕಿದ್ದು ನೀನಾದ್ರೆ, ಅಕ್ಕ ತಾನೇ ಹಾಕಿದ್ದು ಅಂತ ಕಂಪನಿಗೆ ಯಾಕೆ ಬರೆಸಿದ್ಲು?" ನಾನು ಕೊಟ್ಟ ಉತ್ತರ ಇದು. "ನನ್ನ ಉಳಿಸೋಕೆ."

ಆವತ್ತು ನನ್ನ ಮನೆಯಲ್ಲಿ ನಾನು ನಿಮಗೆ ಓದಿ ಹೇಳಿದ್ದು ಒಂದು, ಕಳಿಸಿದ್ದು ಇನ್ನೊಂದು. ಯಾರೋ ಕದ್ದು ಹಾಕಿದರು ಎಂದರೆ ಕಂಪನಿ ನಂಬುವುದಿಲ್ಲ, ಯಾರಾದರೂ ಒಬ್ಬರು ಒಪ್ಪಿಕೊಳ್ಳಲೇಬೇಕು ಎಂದು ನನಗೆ ಗೊತ್ತಿತ್ತು. ಚುನ್‌ಜಾಳ ಕೈಗೆ ಕೊಟ್ಟದ್ದೂ ಅದರ ಪ್ರತಿಯನ್ನೇ. ನೀವು ಅಕ್ಷರಶಾಲೆಗೆ ಸೇರಿದ್ದೀರಿ ಎಂದು ಕೇಳಿದಾಗ ನನ್ನ ಬಾಯಿ ತೆರೆದದ್ದು ಪಶ್ಚಾತ್ತಾಪದಿಂದ ಎಂದು ಅವರೆಲ್ಲ ತಿಳಿದಿದ್ದಾರೆ. ನಿಜ ಏನೆಂದರೆ, ಇನ್ನು ಕೆಲವು ತಿಂಗಳಲ್ಲಿ ನೀವೇ ಅದನ್ನು ತೆರೆದು ಓದಬಲ್ಲಿರಿ ಎಂದು ನನಗೆ ಭಯವಾಯಿತು. ನಾನು ಕಳಿಸಿದ್ದನ್ನು ಕೆಳಗೆ ಇದ್ದ ಹಾಗೇ ಬರೆದಿದ್ದೇನೆ. ಹೇರಿಮ್, ಇದೊಂದನ್ನು ನೀನು ಓದಬೇಡ, ಅಕ್ಕನ ಕೈಗೆ ಕೊಡು. ಸಣ್ಣ ಸಣ್ಣ ವಾಕ್ಯ, ಅವರೇ ಓದುತ್ತಾರೆ.

ನನ್ನ ಹೆಸರು ಮಾಲ್‌ಸುನ್.
ನಾನು ಹಣ ಪಡೆದೆ.
ನಾನೇ ಲಿಂಕ್ ಹಾಕಿದೆ.
ಯಾರಿಗೂ ಹೇಳಲಿಲ್ಲ.
ತಪ್ಪಾಯಿತು.

ಶನಿವಾರ ಬೆಳಗಿನ ಬಸ್ಸಿಗೆ ಒಂಬತ್ತು ಜನವೂ ಯೊಸುವಿಗೆ ಬರುತ್ತಿದ್ದಾರೆ, ಕಿಮ್ಚಿ ಡಬ್ಬಿ, ಯೂಜಾ ಜಾಡಿ ಎತ್ತಿಕೊಂಡು. ನೀವು ನನಗಾಗಿ ಹೊತ್ತುಕೊಂಡಿರಿ ಎಂದು ನಿಮ್ಮ ಕಾಲಿಗೆ ಬೀಳುತ್ತಾರೆ. ನನ್ನನ್ನೂ ಕರೆದುಕೊಂಡು ಬರುತ್ತಿದ್ದಾರೆ, ಬರುವುದಿಲ್ಲ ಎನ್ನಲು ನನ್ನ ಬಳಿ ಕಾರಣವಿಲ್ಲ. ಈ ಕಾಗದ ಶುಕ್ರವಾರ ನಿಮಗೆ ತಲುಪುತ್ತದೆ ಎಂದು ಅಂಚೆ ಕಚೇರಿಯವರು ಹೇಳಿದ್ದಾರೆ. ಅವರಿಗೆ ಏನು ಹೇಳಬೇಕೆಂದು ಯೋಚಿಸಲು ನಿಮಗೆ ಒಂದು ದಿನ ಇರುತ್ತದೆ. ನಾನು ಅವರೆಲ್ಲರ ಹಿಂದೆ, ಬಾಗಿಲ ಹತ್ತಿರ ನಿಂತಿರುತ್ತೇನೆ.